ಹೊಸ ಗಾಡಿ ಕೊಳ್ಳುವ ಹುಡುಗರಿಗೆ ಎರಡು ಮಾತು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದುಬಂದ ದಾರಿಯನ್ನು ಹಿರಿಯರು ಆಗಲೇ ಚೆನ್ನಾಗಿ ವಿವರಿಸಿದ್ದಾರೆ. ಸಾಲದ ಅರ್ಜಿಗಳನ್ನು ನೋಡುವವನಾಗಿ ನನ್ನ ಕಣ್ಣಿಗೆ ಬಿದ್ದ ಒಂದೇ ವಿಷಯ ಹೇಳುತ್ತೇನೆ. ಈಗ ಬರುವ ಅರ್ಜಿಗಳಲ್ಲಿ ಬೈಕ್ ಸಾಲದ್ದು ಬಹಳ. ಕೊಟೇಶನ್ ತೆಗೆದು ನೋಡಿದರೆ ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಸ್ಟಿಕ್ಕರ್ ಎಲ್ಲಾ ಇರುತ್ತೆ. ಹೆಲ್ಮೆಟ್ ಎಲ್ಲಪ್ಪಾ ಅಂದ್ರೆ, "ರೋಡ್ ಸೈಡಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುತ್ತಲ್ಲಣ್ಣ" ಅಂತಾರೆ. ಅದು ಪೊಲೀಸರಿಗೆ ತೋರಿಸುವ ಟೋಪಿ, ಅಷ್ಟೇ.

ಮಡಿವಾಳದ ಹುಡುಗ ಗಾಡಿ ಕಲಿತ ಮಾರನೇ ದಿನವೇ ಹೊಸೂರು ರಸ್ತೆಗೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಇಳಿಯಬೇಕು. ನಸುಕಿನಲ್ಲಿ ಸೊಪ್ಪಿನ ಮೂಟೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಬರುವವರ ಅಕ್ಕಪಕ್ಕದಲ್ಲೇ ಲಾರಿ, ಬಸ್ಸು. ಬಿದ್ದರೆ ಮೊದಲು ಕಾಪಾಡಬೇಕಾದ್ದು ತಲೆ. ಸರಿಯಾದ ಹೆಲ್ಮೆಟ್ಟಿನಿಂದ ಸಾಯುವ ಸಂಭವ ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ. 69ರಷ್ಟು ಕಡಿಮೆಯಾಗುತ್ತೆ ಅಂತ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ವೈದ್ಯರು ಲೆಕ್ಕ ಹಾಕಿದ್ದಾರೆ.

ಬೆಂಗಳೂರಿನಲ್ಲಿ 2006ರಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು, 2016ರಲ್ಲಿ ಹಿಂದೆ ಕೂರುವವರಿಗೂ ಬಂತು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಆದರೂ ರಸ್ತೆ ಬದಿ ಮಾರ್ತಾರೆ, ಅದರ ಮೇಲೂ ಐಎಸ್‌ಐ ಸ್ಟಿಕ್ಕರ್ ಅಂಟಿಸಿರ್ತಾರೆ! ಗುರುತಿನ ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರಬೇಕು. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್‌ಗೆ ಅದನ್ನು ಹಾಕಿದರೆ ಯಾವ ಕಂಪನಿಯದು ಅಂತ ಗೊತ್ತಾಗುತ್ತೆ.

ಹೆಲ್ಮೆಟ್ ಒಳಗಿರುವ ಥರ್ಮೋಕೋಲಿನಂಥ ದಪ್ಪ ಪದರವೇ ಅದರ ಜೀವ. ಪೆಟ್ಟು ಬಿದ್ದಾಗ ಅದು ತಾನು ನಜ್ಜಾಗಿ ತಲೆಯನ್ನು ಉಳಿಸುತ್ತೆ. ನಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬಿಡಬೇಕು, ಸೆಕೆಂಡ್ ಹ್ಯಾಂಡ್ ಮುಟ್ಟಲೇಬಾರದು. ಅಂಗಡಿಯಲ್ಲಿ ಹಾಕಿಕೊಂಡು ತಲೆ ಅಲ್ಲಾಡಿಸಿ. ಕೆನ್ನೆಗೆ ಒತ್ತಬೇಕು, ಆದರೆ ಹಣೆ ನೋಯಬಾರದು. ಹೆಲ್ಮೆಟ್ ಒಂದೇ ಗಿರಗಿರ ತಿರುಗಿದರೆ ಒಂದು ಸೈಜು ಚಿಕ್ಕದು ಕೇಳಿ. ಬೆಲ್ಟ್ ಹಾಕದಿದ್ದರೆ ಇಷ್ಟೆಲ್ಲಾ ದಂಡ. ಗಲ್ಲ ಮುಚ್ಚುವ ಫುಲ್ ಹೆಲ್ಮೆಟ್ಟೇ ಇರಲಿ. ಗಾಜು ಬಿಳಿಯದೇ ಸರಿ, ಕಪ್ಪು ಗಾಜಿನಲ್ಲಿ ರಾತ್ರಿ ಗುಂಡಿ ಕಾಣೋದಿಲ್ಲ.

ಇಂಥದ್ದು ಒಂದೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತೆ. ದೂರದ ಮಾಲೇ ಬೇಕೆಂದೇನಿಲ್ಲ, ವೇಗಾ ಕಂಪನಿ ನಮ್ಮ ಬೆಳಗಾವಿಯದೇ. ಹತ್ತು ಸಾವಿರದ ಹೆಲ್ಮೆಟ್ ನೋಡಿ ಆಸೆ ಪಡಬೇಡಿ, ಹಗುರವಿರಬಹುದು, ಗಾಳಿ ಚೆನ್ನಾಗಿ ಆಡಬಹುದು, ಮೊದಲ ಗಾಡಿಗೆ ಅದು ಬೇಕಿಲ್ಲ. ಹೊಸ ಗಾಡಿ ಜೊತೆ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿ ಇದೆ. ನಾಚಿಕೆಪಡದೆ ಕೇಳಿ ತಗೊಳ್ಳಿ. ನಿಮಗೆ ಸೈಜ್ ಆಗದಿದ್ದರೆ ಹಿಂದೆ ಕೂರುವವರಿಗೆ ಆದೀತು.

ಆಮೇಲೆ ಕೈ. ಬೀಳುವಾಗ ಯಾರಾದರೂ ಮೊದಲು ಅಂಗೈ ಊರುತ್ತಾರೆ. ಅಂಗೈ ಕಿತ್ತುಹೋದರೆ ಹಾಲು ಕರೆಯೋದು ಹೇಗೆ, ಗುದ್ದಲಿ ಹಿಡಿಯೋದು ಹೇಗೆ? ಅಂಗೈಗೆ ದಪ್ಪ ಪಟ್ಟಿ ಇರುವ ಗ್ಲೌಸು ಕೊಳ್ಳಿ. ಕಾಲಿಗೆ ಫ್ಯಾಕ್ಟರಿಯವರು ಹಾಕುವ ಸೇಫ್ಟಿ ಶೂ ಸಾಕು, ಹಿಮ್ಮಡಿಗಂಟು ಮುಚ್ಚುವಂಥದ್ದು ನೋಡಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಜಾಕೆಟ್ಟಿಗೆ ನಾಲ್ಕೈದು ಸಾವಿರ ಬೇಕು, ಸಂಕ್ರಾಂತಿಗೋ ಯುಗಾದಿಗೋ ಕೂಡಿಟ್ಟು ತಗೊಂಡರಾಯಿತು. ಅಲ್ಲಿಯವರೆಗೆ ದಪ್ಪ ಜೀನ್ಸ್, ತುಂಬು ತೋಳಿನ ದಪ್ಪ ಬಟ್ಟೆ. ಅದರಿಂದ ಮೂಳೆ ಉಳಿಯೋದಿಲ್ಲ, ಸಣ್ಣಪುಟ್ಟ ತರಚು ಕಡಿಮೆಯಾದೀತು.

ಈಗ ನನ್ನ ಬೇಡಿಕೆ. ಬೈಕ್ ಸಾಲದಲ್ಲಿ ಮೂರು ಸಾವಿರ ರೂಪಾಯಿ ಇದಕ್ಕೆಂದೇ ಸೇರಿಸಿ, ಹೆಲ್ಮೆಟ್ಟಿನ ಬಿಲ್ಲು ತಂದವರಿಗೆ ಮಾತ್ರ ಚೆಕ್ ಕೊಡೋಣ. "ಸಂಘಕ್ಕೆ ಯಾಕಯ್ಯಾ ಈ ಉಸಾಬರಿ" ಅಂತ ಕಮಿಟಿಯಲ್ಲಿ ಕೆಲವರು ಕೇಳಿದರು. ಸ್ವಾಮೀ, ಹುಡುಗ ಆಸ್ಪತ್ರೆ ಸೇರಿದರೆ ಕಂತು ನಿಲ್ಲುತ್ತೆ, ಜಾಮೀನು ಹಾಕಿದ ಚಿಕ್ಕಪ್ಪನ ಮನೆಗೆ ನೋಟಿಸು ಹೋಗುತ್ತೆ, ಆ ನೋಟಿಸಿಗೆ ಸಹಿ ಹಾಕಬೇಕಾದವರು ನಾವೇ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಬರುತ್ತದೆ, ದಯವಿಟ್ಟು ಎಲ್ಲರೂ ಬಂದು ಕೈ ಎತ್ತಿ.