ನಾಲ್ಕು ನಟ್ಟುಗಳ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳು ನಡೆಸಿಕೊಟ್ಟ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು' ಎಂಬ ವಿಷಯ ಕೊಟ್ಟಿದ್ದರು. ಬೇರೆ ವಿಷಯ ಮಾತಾಡುತ್ತೇನೆ, ಬಿಡಿ ಎಂದು ಕೇಳಿಕೊಂಡೆ. ಕಾರಣ ಇಷ್ಟೇ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರು ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಿದೆ. ಸಾಫ್ಟ್‌ವೇರ್‌ನಲ್ಲಿ ಇರುವವರು ಇಬ್ಬರು. ಟ್ಯಾಕ್ಸಿ, ಟೆಂಪೊ, ಬಸ್ಸು, ಲಾರಿ ಓಡಿಸುವವರು, ಗ್ಯಾರೇಜು, ಪಂಕ್ಚರ್ ಅಂಗಡಿ ಇಟ್ಟವರು ಅದಕ್ಕಿಂತ ಬಹಳ ಹೆಚ್ಚು. ನಾನೂ ಓದಿದ್ದು ಮೆಕ್ಯಾನಿಕಲ್ ಬಿಇ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಸಿಕ್ಕಿದ್ದು ಕಂಪ್ಯೂಟರ್ ಕೆಲಸ, ಹೊಟ್ಟೆ ತುಂಬಿಸುತ್ತಿದೆ. ಆದರೆ ಮನಸ್ಸು ಈಗಲೂ ನಟ್ಟು ಬೋಲ್ಟಿನ ಕಡೆಯೇ ಓಡುತ್ತದೆ. ಆದ್ದರಿಂದ ಇವತ್ತಿನ ವಿಷಯ: ಕಾರಿನ ಚಕ್ರ ಬದಲಿಸಿದ ಮೇಲೆ ಅದರ ನಟ್ಟುಗಳನ್ನು ಎಷ್ಟು ಬಿಗಿಯಬೇಕು, ಹೇಗೆ ಬಿಗಿಯಬೇಕು. ನಗಬೇಡಿ, ಇದರಲ್ಲಿ ನಿಮ್ಮ ವಿಜ್ಞಾನ ಪುಸ್ತಕದ ಎರಡು ಮೂರು ಪಾಠಗಳು ಒಟ್ಟಿಗೆ ಬರುತ್ತವೆ.

ಮೊದಲು ಒಂದು ಪ್ರಶ್ನೆ. ಕಾರಿನ ಚಕ್ರ ಹಬ್ಬಿಗೆ ಹೇಗೆ ಅಂಟಿಕೊಂಡಿದೆ? ಹಬ್ಬಿನಿಂದ ನಾಲ್ಕು ಸ್ಟಡ್ಡುಗಳು ಹೊರಗೆ ಚಾಚಿರುತ್ತವೆ, ಚಕ್ರದ ತೂತುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ಗೂಟಕ್ಕೆ ಅಂಗಿ ನೇತುಹಾಕಿದ ಹಾಗೆ ಚಕ್ರ ಅವುಗಳ ಮೇಲೆ ನಿಂತಿದೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವ ಬೇರೆ. ನಟ್ಟನ್ನು ಬಿಗಿದಾಗ ಸ್ಟಡ್ಡು ಎಳೆದುಕೊಳ್ಳುತ್ತದೆ. ಉಕ್ಕಿನ ಕಡ್ಡಿ ರಬ್ಬರ್ ಬ್ಯಾಂಡಿನಂತೆ ಉದ್ದವಾಗುತ್ತದೆ. ಎಷ್ಟು ಉದ್ದ? ಹೆಚ್ಚು ಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು. ಆ ಎಳೆತದಿಂದ ಸ್ಟಡ್ಡು ಹಿಂದಕ್ಕೆ ಕುಗ್ಗಲು ನೋಡುತ್ತಾ ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಒತ್ತಿ ಹಿಡಿದ ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯೇ ಚಕ್ರವನ್ನು ಹೊತ್ತಿರುವುದು, ಬ್ರೇಕ್ ಹಾಕಿದಾಗ ತಡೆಯುವುದು, ತಿರುವಿನಲ್ಲಿ ಹಿಡಿಯುವುದು.

ಆ ಒತ್ತಡದ ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 12 ಮಿಲಿಮೀಟರ್ ದಪ್ಪದ ಸ್ಟಡ್ಡು, 100 ನ್ಯೂಟನ್ ಮೀಟರ್ ಟಾರ್ಕ್ ಎಂದಿಟ್ಟುಕೊಂಡರೆ, ಸಾಧಾರಣ ಘರ್ಷಣೆಯಲ್ಲಿ ಒಂದೊಂದು ಸ್ಟಡ್ಡಿನ ಎಳೆತ ಸುಮಾರು 4 ಟನ್ ಬರುತ್ತದೆ. ದಸರೆಗೆ ಮುನ್ನ ಮೈಸೂರಿನಲ್ಲಿ ಆನೆಗಳನ್ನು ತೂಕ ಹಾಕುವ ಸುದ್ದಿ ಪೇಪರಿನಲ್ಲಿ ಓದುತ್ತೀರಲ್ಲ, ಅಂಥ ಒಂದು ಗಂಡಾನೆ. ಒಂದು ಚಕ್ರಕ್ಕೆ ನಾಲ್ಕು ಆನೆ! ಈ 16 ಟನ್ ಒತ್ತಡದಿಂದ ಹುಟ್ಟುವ ಘರ್ಷಣೆ 2 ಟನ್ನಿಗೂ ಮೇಲೆ. ಒಂದು ಸಣ್ಣ ಕಾರಿನ ಒಟ್ಟು ತೂಕವೇ ಟನ್ನಿನ ಒಳಗಿರುತ್ತದೆ. ಹೀಗಾಗಿ ಸರಿಯಾಗಿ ಬಿಗಿದ ಚಕ್ರ ಹಬ್ಬಿನ ಮೇಲೆ ಎಳ್ಳಷ್ಟೂ ಜರುಗುವುದಿಲ್ಲ.

ಸಡಿಲವಿದ್ದರೆ ಏನಾಗುತ್ತದೆ? ಘರ್ಷಣೆ ಸಾಲದೆ ಚಕ್ರ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಜರುಗುತ್ತದೆ. ಈಗ ನಿಜವಾಗಿಯೂ ಸ್ಟಡ್ಡುಗಳ ಮೇಲೆ ಭಾರ ಬೀಳುತ್ತದೆ, ಅವು ಅತ್ತ ಇತ್ತ ಬಾಗುತ್ತವೆ. ಕಟ್ಟಡದವರು ಕಬ್ಬಿಣ ಕಟ್ಟುವ ತಂತಿಯನ್ನು ಕತ್ತರಿ ಇಲ್ಲದೆ ಹೇಗೆ ತುಂಡು ಮಾಡುತ್ತಾರೆ? ಹಿಂದೆ ಮುಂದೆ ಬಾಗಿಸಿ ಬಾಗಿಸಿ. ಸಣ್ಣ ಕಾರಿನ ಚಕ್ರ ಒಂದು ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ನೂರು ಕಿಲೋಮೀಟರ್ ಎಂದರೆ 50,000 ಸಲ ಬಾಗಿದ ಹಾಗೆ. ಜೊತೆಗೆ ಈ ಜರುಗಾಟವೇ ನಟ್ಟನ್ನು ಬಿಚ್ಚುತ್ತದೆ. ಅಡ್ಡಡ್ಡ ಅಲುಗಾಟಕ್ಕೆ ಸಿಕ್ಕಿದ ನಟ್ಟು ತನ್ನಷ್ಟಕ್ಕೆ ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಇವತ್ತಿಗೂ ನಟ್ಟುಗಳನ್ನು ಪರೀಕ್ಷಿಸುವ ಒಂದು ಯಂತ್ರಕ್ಕೆ ಅವರದೇ ಹೆಸರು. ಅಂದರೆ ಸಡಿಲ ಎನ್ನುವುದು ಇದ್ದಲ್ಲೇ ಇರುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಮೊದಲು ಟಕ್ ಟಕ್ ಸದ್ದು, ಆಮೇಲೆ ಸ್ಟೇರಿಂಗಿನಲ್ಲಿ ನಡುಕ, ಕೊನೆಗೆ ನಿಮ್ಮ ಚಕ್ರ ನಿಮಗಿಂತ ಮುಂದೆ ಓಡುತ್ತದೆ. ಹಾಗೆ ಓಡಿದ ಚಕ್ರ ಎದುರಿನ ಬೈಕಿನವನಿಗೆ ಬಡಿದರೆ ಏನಾದೀತು ಎಂದು ನಾನು ಹೇಳಬೇಕಿಲ್ಲ.

ಹಾಗಾದರೆ ಎಷ್ಟು ಸಾಧ್ಯವೋ ಅಷ್ಟು ಬಿಗಿದುಬಿಡೋಣ ಎನ್ನುತ್ತೀರಿ. ನಮ್ಮ ಕಡೆ ನಡೆಯುವುದೂ ಅದೇ. ಎರಡು ವರ್ಷದ ಹಿಂದೆ ಊರಿಂದ ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ನಮ್ಮ ಕಾರು ಪಂಕ್ಚರ್ ಆಯಿತು. ರಾತ್ರಿ ಎಂಟು ಗಂಟೆ, ಜಡಿಮಳೆ, ಒಳಗೆ ಅಮ್ಮ, ಹೆಂಡತಿ, ಮೂರು ವರ್ಷದ ಮಗಳು. ಒಂದು ವಾರದ ಹಿಂದಷ್ಟೇ ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಹೊಸ ಟೈರ್ ಹಾಕಿಸಿದ್ದೆವು. ಅಲ್ಲಿ ಗಾಳಿ ಗನ್ನಿನಲ್ಲಿ ಗಿರ್ರೆಂದು ಬಿಗಿದಿದ್ದರು. ಪಾನಾ ಹಾಕಿ ಮೇಲೆ ಹತ್ತಿ ನಿಂತರೂ ನಟ್ಟು ಮಿಸುಕಲಿಲ್ಲ. ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ, ಉದ್ದದ ಪೈಪು ತಂದು ಪಾನಾದ ಹಿಡಿಗೆ ಸಿಕ್ಕಿಸಿ ಮೂರು ನಟ್ಟು ಬಿಚ್ಚಿದರು. ನಾಲ್ಕನೆಯದು ಸ್ಟಡ್ಡಿನ ಸಮೇತ ಮುರಿದು ಕೈಗೆ ಬಂತು. "ಇದು ನಟ್ಟು ಬಿಗಿದದ್ದಲ್ಲ ಸಾರ್, ಬೆಸುಗೆ ಹಾಕಿದ್ದು" ಎಂದರು ಅವರು. ಮೂರೇ ನಟ್ಟಿನಲ್ಲಿ, ಇಪ್ಪತ್ತರ ವೇಗದಲ್ಲಿ, ಅವರ ಲಾರಿಯ ಹಿಂದೆಯೇ ಘಾಟಿ ಇಳಿದೆವು. ಅವರ ಹೆಸರು ಕೇಳಿದ್ದಕ್ಕೆ ನಕ್ಕು ಹೊರಟುಹೋದರು.

ಅತಿಯಾಗಿ ಬಿಗಿದರೆ ಸ್ಟಡ್ಡು ರಬ್ಬರಿನಂತೆ ಎಳೆಯುವ ಹಂತ ದಾಟಿ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಹಳೆಯ ಚಡ್ಡಿಯ ಎಲಾಸ್ಟಿಕ್ ನೆನೆಸಿಕೊಳ್ಳಿ. ಥ್ರೆಡ್ಡು ಕೆಡುತ್ತದೆ. ಒಂದೊಂದು ನಟ್ಟು ಒಂದೊಂದು ಬಿಗಿ ಇದ್ದರೆ ಬ್ರೇಕಿನ ಡಿಸ್ಕು ಸೊಟ್ಟಗಾಗಿ, ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆ.

ಸರಿಯಾದ ಬಿಗಿ ಯಾವುದು ಎಂಬುದು ಕಾರಿನ ಜೊತೆ ಬರುವ ಪುಸ್ತಕದಲ್ಲಿ ಇರುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಇನ್ಶೂರೆನ್ಸ್ ಕಾಗದದ ಕೆಳಗೆ, ಯಾರೂ ತೆರೆಯದ ಪುಸ್ತಕ ಅದು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರಿನ ಒಳಗೆ ಇರುತ್ತದೆ. ಸರಿಯಾದ ಅಂಕಿಯನ್ನು ನಿಮ್ಮ ಕಾರಿನ ಪುಸ್ತಕದಲ್ಲೇ ನೋಡಿ.

ಈ 100 ನ್ಯೂಟನ್ ಮೀಟರ್ ಅಂದರೆ ಎಷ್ಟು? ಸನ್ನೆಯ ಪಾಠ ನೆನಪಿಸಿಕೊಳ್ಳಿ. ಬಲವನ್ನು ದೂರದಿಂದ ಗುಣಿಸಬೇಕು. ಕಾರಿನ ಪಾನಾ ಸುಮಾರು 25 ಸೆಂಟಿಮೀಟರ್ ಉದ್ದ, ಅಂದರೆ ಕಾಲು ಮೀಟರ್. ನಿಮ್ಮಲ್ಲಿ 40 ಕಿಲೋ ತೂಕದ ಒಬ್ಬ ಹುಡುಗಿ ಅಡ್ಡಕ್ಕೆ ಚಾಚಿದ ಪಾನಾದ ತುದಿಗೆ ತನ್ನ ಪೂರ್ತಿ ಭಾರ ಬಿಟ್ಟರೆ, 400 ನ್ಯೂಟನ್ ಇಂಟು ಕಾಲು ಮೀಟರ್, ಸರಿಯಾಗಿ 100. ಎಂಟನೇ ತರಗತಿಯ ಮಕ್ಕಳ ಶಕ್ತಿಯೇ ಸಾಕು! 70 ಕಿಲೋದ ದೊಡ್ಡವರು ಹತ್ತಿ ನಿಂತರೆ 175 ಆಗುತ್ತದೆ. ಅವರೇ ಒಂದು ಮೀಟರ್ ಪೈಪು ಹಾಕಿ ಅರ್ಧ ಭಾರ ಬಿಟ್ಟರೂ 350. ಲಾರಿಯವರ ಪೈಪು ಬಿಚ್ಚುವುದಕ್ಕೆ ಸರಿ, ಕಾರಿನ ನಟ್ಟು ಬಿಗಿಯುವುದಕ್ಕೆ ಅದನ್ನು ಮುಟ್ಟಬಾರದು.

ಬಿಗಿಯುವ ಕ್ರಮವನ್ನು ಈಗ ಹೇಳುತ್ತೇನೆ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇನ್ನೊಂದು ತುದಿಯ ಚಕ್ರಕ್ಕೆ ಕಲ್ಲು ಕೊಡುವುದು ನಿಮಗೆಲ್ಲ ಗೊತ್ತು. ಜಾಕ್ ಎತ್ತುವ ಮೊದಲೇ, ಚಕ್ರ ನೆಲದಲ್ಲಿರುವಾಗಲೇ, ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿಕೊಳ್ಳಬೇಕು. ಕಾರು ಜಾಕಿನ ಮೇಲಿರುವಾಗ ಪಾನಾ ಜಗ್ಗಿದರೆ ಕಾರು ಜಾರಿ ಬಿದ್ದೀತು. ಬಿಚ್ಚಿದ ನಟ್ಟುಗಳನ್ನು ಮಣ್ಣಿನಲ್ಲಿ ಎಸೆಯದೆ ಒಂದು ಬಟ್ಟೆಯ ಮೇಲಿಡಿ.

ಚಕ್ರ ತೆಗೆದ ಮೇಲೆ ಹೆಚ್ಚಿನವರು ಮಾಡದ ಕೆಲಸ ಒಂದಿದೆ. ಹಬ್ಬಿನ ಮುಖ ಮತ್ತು ಸ್ಟೆಪ್ನಿಯ ಒಳಮುಖ ಎರಡನ್ನೂ ಒರೆಸಬೇಕು. ಸ್ಟಡ್ಡು ಹಿಗ್ಗಿರುವುದು ಒಂದು ಕೂದಲಿನ ದಪ್ಪ ಮಾತ್ರ ಎಂದೆನಲ್ಲ? ನಡುವೆ ಕೂದಲಿನಷ್ಟೇ ದಪ್ಪದ ಕೆಸರೋ ತುಕ್ಕೋ ಬಣ್ಣವೋ ಇದ್ದು, ಎರಡು ದಿನದಲ್ಲಿ ಅದು ನುಗ್ಗಿ ಪುಡಿಯಾದರೆ, ಆ ಎಳೆತ ಪೂರ್ತಿ ಹೋಯಿತು. ನಟ್ಟು ಒಂದಿಷ್ಟೂ ತಿರುಗಿರುವುದಿಲ್ಲ, ಆದರೂ ಚಕ್ರ ಸಡಿಲ! ಚಕ್ರ ಬದಲಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡಿ ಎಂದು ಹೇಳುವುದು ಇದಕ್ಕಾಗಿಯೇ.

ನಟ್ಟುಗಳನ್ನು ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ಹಾಕಬೇಕು. ಥ್ರೆಡ್ಡು ಅಡ್ಡ ಕೂತರೆ ಬೆರಳಿಗೆ ತಿಳಿಯುತ್ತದೆ, ಪಾನಾಕ್ಕೆ ತಿಳಿಯುವುದಿಲ್ಲ. ಗನ್ನಿಗಂತೂ ಏನೂ ತಿಳಿಯುವುದಿಲ್ಲ. ನಟ್ಟಿನ ಒಂದು ಬದಿ ಇಳಿಜಾರಾಗಿದ್ದರೆ ಅದು ಚಕ್ರದ ಕಡೆ ಇರಬೇಕು. ತೂತಿನ ಇಳಿಜಾರಿನಲ್ಲಿ ಅದು ಕೂತಾಗಲೇ ಚಕ್ರ ನಡುವಿಗೆ ಬರುವುದು. ಹೋಂಡಾ ಕಾರುಗಳಲ್ಲಿ ಇದು ಗೋಲಿಯಂತೆ ದುಂಡಗಿರುತ್ತದೆ, ಆದ್ದರಿಂದ ಒಂದು ಕಂಪನಿಯ ನಟ್ಟನ್ನು ಇನ್ನೊಂದಕ್ಕೆ ಹಾಕಬೇಡಿ. ಹೊರಗಡೆ ಅಲಾಯ್ ವೀಲ್ ಹಾಕಿಸುವವರು ಇದನ್ನು ಕೇಳಿಯೇ ಹಾಕಿಸಬೇಕು.

ಒಂದು ನಟ್ಟಾದ ಮೇಲೆ ಪಕ್ಕದ್ದಕ್ಕೆ ಹೋಗಬೇಡಿ, ಎದುರಿನದಕ್ಕೆ ಹೋಗಿ. ಪಕ್ಕ ಪಕ್ಕ ಬಿಗಿದರೆ ಚಕ್ರ ಒಂದು ಕಡೆ ವಾಲಿ ಕೂರುತ್ತದೆ. ಇನ್ನೋವಾ, ಬೊಲೆರೊಗಳಿಗೆ ಐದು ನಟ್ಟು. ಅಲ್ಲಿ ನೀವು ಪೆನ್ಸಿಲ್ ಎತ್ತದೆ ನಕ್ಷತ್ರ ಬರೆಯುತ್ತೀರಲ್ಲ, ಅದೇ ದಾರಿ. ಹೀಗೆ ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದು, ಕಾರನ್ನು ಕೆಳಗಿಳಿಸಿ, ಕೊನೆಯ ಬಿಗಿ ಕೊಡಬೇಕು.

ಗೆಳೆಯರೊಬ್ಬರು ಮೊನ್ನೆ ಕೇಳಿದರು, "ನಟ್ಟಿಗೆ ಒಂದಿಷ್ಟು ಗ್ರೀಸ್ ಹಚ್ಚಿದರೆ ಬಿಚ್ಚುವಾಗ ಸಲೀಸಲ್ಲವೇ?" ಸಲೀಸು ನಿಜ, ಆದರೆ ಲೆಕ್ಕ ತಪ್ಪುತ್ತದೆ. ನೀವು ಹಾಕುವ ನೂರು ಪಾಲು ಶ್ರಮದಲ್ಲಿ ಸುಮಾರು ಐವತ್ತು ಪಾಲು ನಟ್ಟಿನ ಕೆಳಮುಖದ ಘರ್ಷಣೆಗೆ, ನಲವತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಸ್ಟಡ್ಡನ್ನು ಹಿಗ್ಗಿಸುವುದು ಉಳಿದ ಹತ್ತು ಮಾತ್ರ. ಗ್ರೀಸ್ ಹಚ್ಚಿ ಘರ್ಷಣೆ ಕಡಿಮೆ ಮಾಡಿದರೆ ಉಳಿತಾಯವಾದ ಬಲವೆಲ್ಲ ಸ್ಟಡ್ಡಿನ ಮೇಲೆ ಬೀಳುತ್ತದೆ. ಅದೇ 100ಕ್ಕೆ ಬಿಗಿದರೂ ಎಳೆತ ವಿಪರೀತವಾಗುತ್ತದೆ. ಕಂಪನಿಯ ಅಂಕಿ ಒಣ ಥ್ರೆಡ್ಡಿಗೆ ಕೊಟ್ಟದ್ದು. ಪುಸ್ತಕದಲ್ಲಿ ಬೇರೆ ಹೇಳದಿದ್ದರೆ ಎಣ್ಣೆ ಬೇಡ, ತಂತಿ ಬ್ರಷ್ಷಿನಿಂದ ತಿಕ್ಕಿದರೆ ಸಾಕು.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಸೈಕಲ್ಲಿನ ಎಡಗಡೆ ಪೆಡಲ್ ಬಿಚ್ಚಿದವರಿದ್ದೀರಾ? ಅದು ಉಲ್ಟಾ ಥ್ರೆಡ್ಡು. ಬಲಗಡೆಯಂತೆ ಮಾಡಿದ್ದರೆ ತುಳಿಯುತ್ತಾ ತುಳಿಯುತ್ತಾ ಬಿಚ್ಚಿಕೊಳ್ಳುತ್ತಿತ್ತು. ಇದೇ ಯೋಚನೆಯಿಂದ ಹಿಂದೆ ಎಷ್ಟೋ ಲಾರಿಗಳಲ್ಲಿ ಎಡಬದಿಯ ಚಕ್ರಕ್ಕೆ ಉಲ್ಟಾ ಥ್ರೆಡ್ಡು ಇಡುತ್ತಿದ್ದರು. ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲೂ ಬಹಳ ಕಾಲ ಇತ್ತು. ಹಳೆಯ ಗಾಡಿಗೆ ಕೈ ಹಾಕುವಾಗ ಮೊದಲು ಇದನ್ನು ನೋಡಿಕೊಳ್ಳಿ, ಇಲ್ಲದಿದ್ದರೆ ಬಿಚ್ಚುತ್ತೇನೆಂದು ಬಿಗಿಯುತ್ತಲೇ ಇರುತ್ತೀರಿ. ದೊಡ್ಡ ಬಸ್ಸು, ಲಾರಿಗಳ ಕೆಲವು ಚಕ್ರಗಳಲ್ಲಿ ಪ್ರತಿ ನಟ್ಟಿಗೂ ಹಳದಿ ಪ್ಲಾಸ್ಟಿಕ್ ಬಾಣ ಸಿಕ್ಕಿಸಿರುತ್ತಾರೆ. ಅಲಂಕಾರಕ್ಕಲ್ಲ. ಎರಡೆರಡು ಬಾಣಗಳು ಮುಖಾಮುಖಿ ಇರುತ್ತವೆ. ಒಂದು ದಿಕ್ಕು ತಪ್ಪಿದರೆ ಆ ನಟ್ಟು ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ನಮ್ಮ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಇಷ್ಟು ಸರಳವಾದ ಎಚ್ಚರಿಕೆ ಗಂಟೆ ಕಟ್ಟುವುದು ನಮಗೆ ಬರುವುದಿಲ್ಲ.

ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ಅಣ್ಣಂದಿರು ಹೈವೇ ಬದಿಯ ಟೈರ್ ಅಂಗಡಿಗಳಲ್ಲಿದ್ದಾರೆ. ದಿನಕ್ಕೆ ಎಷ್ಟು ಚಕ್ರ ಎಂದು ಲೆಕ್ಕ ಕೇಳುವ ಮಾಲೀಕರಿದ್ದಾರೆ, ಬೇಗ ಆಗಲಿ ಎಂದು ಹಾರನ್ ಹೊಡೆಯುವ ಗಿರಾಕಿಗಳಿದ್ದಾರೆ. ಗನ್ನು ಬಿಟ್ಟು ಕೈಯಲ್ಲಿ ಬಿಗಿ ಎಂದರೆ ಅವರಿಗೆ ಸಮಯ ಎಲ್ಲಿದೆ? ನಾನು ಹೇಳುವುದು ಇಷ್ಟು: ಗನ್ನಿನಲ್ಲಿ ಹಗುರಾಗಿ ಕೂರಿಸಿ, ಕೊನೆಯ ಬಿಗಿಯನ್ನು ಟಾರ್ಕ್ ರೆಂಚಿನಲ್ಲಿ ಕೊಡಿ. ಒಂದು ಚಕ್ರಕ್ಕೆ ಅರ್ಧ ನಿಮಿಷ. ಆ ರೆಂಚಿಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಅದನ್ನು ಹುಡುಗ ಅಲ್ಲ, ಮಾಲೀಕ ಕೊಳ್ಳಬೇಕು. ಮತ್ತು ಅರ್ಧ ನಿಮಿಷ ಕಾಯುವ ಕೆಲಸ ಕಾರಿನಲ್ಲಿ ಕುಳಿತ ನನ್ನಂಥವರದು.

ಮಾತು ಉದ್ದವಾಯಿತು. ನಾನು ಒಂದು ಟಾರ್ಕ್ ರೆಂಚ್ ತಂದಿದ್ದೇನೆ. ಮುಖ್ಯೋಪಾಧ್ಯಾಯರು ತಮ್ಮ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಒಂದು ಚಕ್ರ ಬಿಚ್ಚಿ ಹಾಕಲು ಒಪ್ಪಿಗೆ ಕೊಟ್ಟಿದ್ದಾರೆ. ಕಾರಿನ ಪುಸ್ತಕವನ್ನೂ ಹುಡುಕಿ ತೆಗೆದಿಟ್ಟಿದ್ದಾರೆ, ಅದರಲ್ಲಿರುವ ಅಂಕಿಯನ್ನು ನಿಮ್ಮಲ್ಲೇ ಒಬ್ಬರು ಓದಿ ರೆಂಚಿನ ಹಿಡಿಯಲ್ಲಿ ಹೊಂದಿಸಬೇಕು. ನಿಧಾನವಾಗಿ ಎಳೆಯಿರಿ. 'ಟಕ್' ಎಂದು ಕೇಳಿದ ತಕ್ಷಣ ನಿಲ್ಲಿಸಿ, ಎರಡನೇ ಸಲ ಟಕ್ ಅನ್ನಿಸಬೇಡಿ. ಬಿಚ್ಚುವುದಕ್ಕೆ ಮಾತ್ರ ಹಳೆಯ ಪಾನಾ. ಎಂಟನೇ ತರಗತಿಯವರು ಮೊದಲು ಬನ್ನಿ, ಚಪ್ಪಲಿ ಹಾಕಿಕೊಂಡು ಬನ್ನಿ.