ಸೂರ್ಯನೂ ಗುರಾಣಿಯೂ

(ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲುವಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ನೀಡಿದ ಭಾಷಣ)



ಇವತ್ತು ಗುರಾಣಿ ವಿಷಯ ಮಾತಾಡೋಣ ಅಂತ ಬಂದಿದ್ದೀನಿ. ಮನೆಯಲ್ಲಿ ತೆಲುಗು ಮಾತಾಡುವವರು ಡಾಲು ಅಂತೀರಲ್ಲ, ಅದೇ. ಈ ಕಾಲದಲ್ಲಿ ಗುರಾಣಿ ಯಾರಿಗೆ ಬೇಕು ಅಂತ ನೀವು ಕೇಳಬಹುದು. ನಮ್ಮ ತುಮಕೂರು ಸೀಮೆಯಲ್ಲಿ ವೀರಗಲ್ಲುಗಳನ್ನು ನೋಡಿದ್ದೀರಿ. ವೀರನ ಒಂದು ಕೈಯಲ್ಲಿ ಆಯುಧ, ಇನ್ನೊಂದು ಕೈಯಲ್ಲಿ ಗುರಾಣಿ. ಇಂಥ ಎಷ್ಟೋ ಕಲ್ಲುಗಳು ಊರಿನ ದನಕರು ಕಳ್ಳರ ಪಾಲಾಗದಂತೆ ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದವು. ಅವರು ಗುರಾಣಿ ಹಿಡಿದದ್ದು ತಮ್ಮೊಬ್ಬರ ಜೀವ ಉಳಿಸಿಕೊಳ್ಳೋದಕ್ಕಲ್ಲ, ಊರನ್ನು ಉಳಿಸೋದಕ್ಕೆ. ಈ ಮಾತು ನೆನಪಿರಲಿ.

ಇನ್ನು ನಿಮ್ಮ ಊರಿನ ಸುತ್ತ ನೋಡಿ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ನಿಮ್ಮ ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬಂತು. ದೂರದಿಂದ ನೋಡಿದರೆ ಒಂದು ದೊಡ್ಡ ಸೈನ್ಯ ಗುರಾಣಿಗಳನ್ನು ಆಕಾಶಕ್ಕೆ ಹಿಡಿದು ನಿಂತ ಹಾಗೆ ಕಾಣುತ್ತೆ. ಬರಗಾಲದ ಈ ಸೀಮೆಯಲ್ಲಿ ಬಿಸಿಲೇ ನಮ್ಮ ಶತ್ರು ಅಂತ ಹಿರಿಯರು ಬೈತಿದ್ದರು. ಈಗ ಅದೇ ಬಿಸಿಲಿನಿಂದ ಕರೆಂಟು.

ಬೈಬಲ್ಲಿನ 84ನೇ ಕೀರ್ತನೆಯಲ್ಲಿ ಭಕ್ತನೊಬ್ಬ ದೇವರನ್ನು ಒಂದೇ ಉಸಿರಿನಲ್ಲಿ ಸೂರ್ಯ ಎಂದೂ ಗುರಾಣಿ ಎಂದೂ ಕರೆಯುತ್ತಾನೆ. ಬೆಳಕು ಕೊಡುವವನೂ ಆತನೇ, ಕಾಪಾಡುವವನೂ ಆತನೇ ಎಂಬ ವಿಶ್ವಾಸ ಅದು. ಸೂರ್ಯನೇನೋ ನಮ್ಮ ಊರಿಗೆ ಬಂದ. ಗುರಾಣಿ ಎಲ್ಲಿದೆ? ಇದೇ ನನ್ನ ಇವತ್ತಿನ ಪ್ರಶ್ನೆ.

ಬೈಬಲ್ ಕಾಲದ ಗುರಾಣಿ ಹೇಗಿತ್ತು ಅಂತ ಮೊದಲು ಹೇಳ್ತೀನಿ. ಇಸ್ರಯೇಲರಲ್ಲಿ ಮುಖ್ಯವಾಗಿ ಎರಡು ಬಗೆ. ಕೈಯಲ್ಲಿ ಹಗುರಾಗಿ ಹಿಡಿಯುವ ಚಿಕ್ಕದಕ್ಕೆ ಹೀಬ್ರೂ ಭಾಷೆಯಲ್ಲಿ 'ಮಾಗೇನ್' ಅಂತಿದ್ದರು. ಮೈಯೆಲ್ಲಾ ಮರೆಮಾಡುವ ದೊಡ್ಡದಕ್ಕೆ 'ತ್ಸಿನ್ನಾ'. ಆದಿಕಾಂಡದ 15ನೇ ಅಧ್ಯಾಯದಲ್ಲಿ ದೇವರು ಭಯದಲ್ಲಿದ್ದ ಅಬ್ರಾಮನಿಗೆ, ನಾನೇ ನಿನ್ನ ಗುರಾಣಿ ಅಂತ ಧೈರ್ಯ ಹೇಳುವಾಗ ಬಳಸಿದ್ದು 'ಮಾಗೇನ್' ಎಂಬ ಮಾತೇ.

ಗುರಾಣಿಗಳನ್ನು ಮರದಿಂದ, ಚರ್ಮದಿಂದ ಮಾಡುತ್ತಿದ್ದರು. ಚರ್ಮ ಒಣಗಿದರೆ ಬಿರುಕು ಬಿಡುತ್ತೆ. ಅದಕ್ಕೇ ಗುರಾಣಿಗೆ ಎಣ್ಣೆ ಹಚ್ಚುವ ಮಾತು ಯೆಶಾಯನ ಗ್ರಂಥದಲ್ಲಿ ಬರುತ್ತೆ. ಸೌಲ ಅರಸ ಗಿಲ್ಬೋವ ಬೆಟ್ಟದಲ್ಲಿ ಮಡಿದಾಗ ದಾವೀದ ಅಳುತ್ತಾ, ಆತನ ಗುರಾಣಿ ಎಣ್ಣೆ ಕಾಣದೆ ಬಿದ್ದಿದೆ ಅಂತ ದುಃಖಪಟ್ಟ. ನಮ್ಮ ವಿಶ್ವಾಸವೂ ಹೀಗೇ. ವರ್ಷಕ್ಕೊಮ್ಮೆ ಹಬ್ಬದ ದಿನ ಹೊರಗೆ ತೆಗೆದರೆ ಬಿರುಕು ಬಿಟ್ಟಿರುತ್ತೆ. ನಿಮ್ಮ ಸಂಘವೂ ಹೀಗೇ. ವಾರದ ಸಭೆ, ವಾರದ ಉಳಿತಾಯ, ಸರಿಯಾಗಿ ಬರೆದ ಲೆಕ್ಕದ ಪುಸ್ತಕ, ಇವೇ ಅದಕ್ಕೆ ಎಣ್ಣೆ. ಸಾಲ ಬೇಕಾದಾಗ ಮಾತ್ರ ಸಭೆಗೆ ಬಂದರೆ ಕಷ್ಟದ ದಿನ ಸಂಘ ತಡೆಯೋದಿಲ್ಲ.

ಸೊಲೊಮೋನ ಅರಸ ಬಂಗಾರದ ಗುರಾಣಿ ಮಾಡಿಸಿದ. ದೊಡ್ಡವು 200, ಚಿಕ್ಕವು 300. ಬಂಗಾರ ಮೆತ್ತಗಿನ ಲೋಹ, ಯುದ್ಧಕ್ಕೆ ಬಾರದು. ಅವೆಲ್ಲಾ ಅರಮನೆಯ ಶೋಭೆಗೆ. ಮಗ ರೆಹಬ್ಬಾಮನ ಕಾಲದಲ್ಲಿ ಈಜಿಪ್ಟಿನ ಅರಸ ಶೀಶಕ ಬಂದು ಎಲ್ಲವನ್ನೂ ದೋಚಿಕೊಂಡು ಹೋದ. ಆಮೇಲೆ ರೆಹಬ್ಬಾಮ ಏನು ಮಾಡಿದ ಗೊತ್ತಾ? ಕಂಚಿನ ಗುರಾಣಿ ಮಾಡಿಸಿ, ದೇವಾಲಯಕ್ಕೆ ಹೋಗುವಾಗಲೆಲ್ಲಾ ಕಾವಲುಗಾರರ ಕೈಲಿ ಹಿಡಿಸಿಕೊಂಡು ಮೊದಲಿನ ಹಾಗೇ ಮೆರವಣಿಗೆ ಹೋದ! ಇದ್ದದ್ದು ಹೋಯಿತು, ತೋರಿಕೆ ಮಾತ್ರ ನಿಲ್ಲಲಿಲ್ಲ.

ನಗಬೇಡಿ, ನಮ್ಮ ಮನೆಗಳಲ್ಲೂ ಇದೇ ಕತೆ. ಸೋಲಾರಿಗೆ ಜಮೀನು ಗುತ್ತಿಗೆ ಕೊಟ್ಟವರಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಗೊತ್ತಾಯಿತು. ಕಡಲೆಕಾಯಿ ಹಾಕಿ ಮೋಡ ನೋಡುತ್ತಾ ಕೂತವರಿಗೆ ಅದು ದೊಡ್ಡ ಆಸರೆಯೇ. ಆದರೆ ಆ ಹಣ ಮದುವೆಯ ಚಪ್ಪರಕ್ಕೆ, ಹೊಸ ಬೈಕಿಗೆ, ಹೆಂಡಕ್ಕೆ ಹೋದರೆ ಅದು ಬಂಗಾರದ ಗುರಾಣಿ. ಮಗಳ ಕಾಲೇಜಿಗೆ, ಆಸ್ಪತ್ರೆಯ ಆಪತ್ತಿಗೆ ಉಳಿದರೆ ಅದು ನಿಜವಾದ ಗುರಾಣಿ.

ಇನ್ನು ಸಂತ ಪೌಲರ ಮಾತು. ಎಫೆಸದ ಕ್ರೈಸ್ತರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ವಿಶ್ವಾಸವನ್ನು ಬೆಂಕಿಬಾಣ ಆರಿಸುವ ಗುರಾಣಿ ಅನ್ನುತ್ತಾರೆ. ಆ ಪತ್ರ ಸಂಕೋಲೆಯಲ್ಲಿದ್ದು ಬರೆದದ್ದು. ರೋಮಿನ ಸೈನಿಕರು ಅವರಿಗೆ ಹೊಸಬರಲ್ಲ. ಅಲ್ಲಿ ಬಳಸಿದ ಗ್ರೀಕ್ ಪದ 'ಬಾಗಿಲು' ಎಂಬ ಪದದಿಂದ ಬಂದದ್ದು, ಬಾಗಿಲಿನಂಥ ದೊಡ್ಡ ಗುರಾಣಿ. ಇಂಥದೊಂದು ಸಿರಿಯಾ ದೇಶದ ದೂರಾ ಯೂರೋಪೋಸ್ ಎಂಬಲ್ಲಿ ಅಗೆತದಲ್ಲಿ ಸಿಕ್ಕಿ, ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಪೌಲರಿಗಿಂತ ಸುಮಾರು 200 ವರ್ಷ ಈಚಿನದು. ಎತ್ತರ ಸುಮಾರು ಮೂರೂವರೆ ಅಡಿ. ತೆಳು ಮರದ ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿ ಮಾಡಿದ್ದು. ಒಂದೊಂದು ಪಟ್ಟಿ ಬೇರೆಯಾಗಿದ್ದರೆ ಕೈಯಲ್ಲೇ ಮುರಿಯಬಹುದು. ಅಂಟಿಕೊಂಡಾಗ ಗಟ್ಟಿ.

ಸೈನಿಕರು ಈ ಗುರಾಣಿಗಳನ್ನು ಪಕ್ಕಪಕ್ಕಕ್ಕೆ ಸೇರಿಸಿ, ಕೆಲವರು ತಲೆಯ ಮೇಲೆ ಹಿಡಿದು, ಆಮೆಯ ಚಿಪ್ಪಿನ ಹಾಗೆ ಮುಂದೆ ಸಾಗುತ್ತಿದ್ದರು. ಒಬ್ಬ ಕೈ ಬಿಟ್ಟರೆ ಪಕ್ಕದವನಿಗೆ ಬಾಣ. ಪೌಲರು ಪತ್ರ ಬರೆದದ್ದೂ ಒಬ್ಬನಿಗಲ್ಲ, ಒಂದು ಸಭೆಗೆ.

ನಮಗೆ ಬರುವ ಬಾಣಗಳು ಯಾವುವು? ಈ ತಾಲ್ಲೂಕಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ನೋಡೋದಕ್ಕೆ ತಿಳಿಯಾದ ನೀರು, ಆದರೆ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತೆ, ಇನ್ನೂ ಹೆಚ್ಚಿದ್ದರೆ ದೊಡ್ಡವರ ಮೂಳೆ ಬಾಗುತ್ತೆ. ಕುದಿಸಿದರೂ ಅದು ಹೋಗೋದಿಲ್ಲ. ಇನ್ನೊಂದು ಬಾಣ ಬಡ್ಡಿ ಸಾಲ. ಮೂರನೆಯದು, ನಾವು ಮಾತಾಡದೆ ಬಿಟ್ಟದ್ದು. ಜಮೀನು ಇದ್ದವರಿಗೆ ಗುತ್ತಿಗೆ ಹಣ ಬಂತು. ಅದೇ ಜಮೀನಿನಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿಯವರಿಗೆ? ಅವರ ಹೆಸರಿನಲ್ಲಿ ಪಹಣಿ ಇಲ್ಲ, ಆದ್ದರಿಂದ ಹಣವೂ ಇಲ್ಲ, ಆ ಹೊಲದ ಕೂಲಿಯೂ ಇಲ್ಲ. ಅವರ ಪಕ್ಕದ ಗುರಾಣಿ ಯಾರ ಕೈಯಲ್ಲಿದೆ?

ಅಕ್ಕಂದಿರೇ, ಅದು ನಿಮ್ಮ ಕೈಯಲ್ಲಿದೆ. ಸಂಘದ ಮೊದಲ ಸಾಲ ಜಮೀನಿಲ್ಲದವಳಿಗೆ ಸಿಗಲಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಅರ್ಜಿ ಹಾಕುವಾಗ ಎಲ್ಲರೂ ಒಟ್ಟಿಗೆ ಹಾಕಿ, ರಶೀದಿ ಕೇಳಿ ಪಡೆಯಿರಿ. ನೀರಿನ ಪರೀಕ್ಷೆ ಮಾಡಿಸಿ ಅಂತ ಗ್ರಾಮಸಭೆಯಲ್ಲಿ ಒಬ್ಬಳು ಎದ್ದು ನಿಂತರೆ ಉಳಿದವರು ಕೂತಿರಬೇಡಿ, ಅವಳ ಜೊತೆ ಎದ್ದು ನಿಲ್ಲಿ.

ದೇವರು ಗುರಾಣಿ ಅಂತ ನಂಬುವವರು ಕೈಕಟ್ಟಿ ಕೂರುವವರಲ್ಲ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯನ ಜನರು ಪ್ರಾರ್ಥನೆಯನ್ನೂ ಮಾಡಿದರು, ಕಾವಲನ್ನೂ ಇಟ್ಟರು. ಅರ್ಧ ಜನ ಗುರಾಣಿ ಹಿಡಿದು ನಿಂತರೆ ಅರ್ಧ ಜನ ಗೋಡೆ ಕಟ್ಟಿದರು. ವೀರಗಲ್ಲಿನ ಅಣ್ಣ ಹೇಳೋದೂ ಇದನ್ನೇ. ಗುರಾಣಿ ಇರೋದು ನನ್ನ ಹಿಂದೆ ನಿಂತವರಿಗಾಗಿ.

ಸೂರ್ಯನೂ ಗುರಾಣಿಯೂ ಆದ ದೇವರು ನಿಮ್ಮ ಮನೆಗಳನ್ನು ಕಾಪಾಡಲಿ, ನಿಮ್ಮನ್ನು ಒಬ್ಬರಿಗೊಬ್ಬರು ಗುರಾಣಿಯಾಗಿಸಲಿ.