ಭಿನ್ನರಾಶಿಯೂ ಪೂರ್ಣಸಂಖ್ಯೆಯೂ

ಮಾಧ್ಯಮಿಕ ಶಾಲೆಯ ಮೊದಲ ತರಗತಿಗಳಲ್ಲಿ ಗಣಿತವನ್ನು ಕಲಿಸುವ ಉಪಾಧ್ಯಾಯರನ್ನೂ, ಆ ಮಕ್ಕಳ ತಂದೆತಾಯಿಗಳನ್ನೂ ಉದ್ದೇಶಿಸಿ ನಾವು ಈ ಹೊತ್ತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ಅಲ್ಲಿಯವರೆಗೆ ಲೆಕ್ಕದಲ್ಲಿ ಚುರುಕಾಗಿದ್ದ ಹನ್ನೊಂದು ಹನ್ನೆರಡು ವರ್ಷದ ಮಗು ಭಿನ್ನರಾಶಿಯ ಪಾಠ ಬಂದೊಡನೆ ಮಂಕಾಗುವುದುಂಟು. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸೆಂದರೆ, ಮೇಲಿನದಕ್ಕೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಸೇರಿಸಿ 2/5 ಎಂದು ಬರೆಯುತ್ತದೆ. ಬಂದ ಮೊತ್ತವು ಅರ್ಧಕ್ಕಿಂತಲೂ ಕಡಿಮೆಯೆಂಬುದು ಅದಕ್ಕೆ ಹೊಳೆಯುವುದೇ ಇಲ್ಲ. ಆರಕ್ಕಿಂತ ಎಂಟು ದೊಡ್ಡದು, ಆದುದರಿಂದ 1/6ಕ್ಕಿಂತ 1/8 ದೊಡ್ಡದು ಎಂದು ವಾದಿಸುತ್ತದೆ. ಇದನ್ನು ದಡ್ಡತನವೆಂದು ಗದರಿಸುವುದು ಅನ್ಯಾಯ. ಪೂರ್ಣಸಂಖ್ಯೆಗಳಲ್ಲಿ ಐದಾರು ವರ್ಷ ದುಡಿದು ಗಳಿಸಿದ ನಿಯಮವನ್ನೇ ಮಗು ಇಲ್ಲಿಯೂ ನಂಬಿ ನಡೆಸುತ್ತಿದೆ. ಗದರಿಕೆಯಿಂದ ಅದು ಕಲಿಯುವುದು ಇಷ್ಟೇ: ಲೆಕ್ಕವು ತನ್ನ ಬುದ್ಧಿಗೆ ನಿಲುಕದು, ಉರುಹೊಡೆದು ಪಾರಾಗಬೇಕು. ಈ ನಿರಾಶೆ ಒಮ್ಮೆ ಮನಸ್ಸನ್ನು ಹೊಕ್ಕರೆ ಬೀಜಗಣಿತದ ಬಾಗಿಲು ಅಲ್ಲಿಯೇ ಮುಚ್ಚಿದಂತೆ.

ಇದಕ್ಕೆ ಮದ್ದು ನಮ್ಮ ಮಾತಿನಲ್ಲಿಯೇ ಇದೆ. ‘ಮುಕ್ಕಾಲು’ ಎಂಬ ಪದವನ್ನು ಬಿಡಿಸಿ ನೋಡೋಣ: ಮೂರು ಕಾಲು. ಮೂರು ಎಂಬುದು ಎಣಿಕೆ. ಕಾಲು ಎಂಬುದು ಎಣಿಸುವ ವಸ್ತುವಿನ ಹೆಸರು. ಮೂರು ಮಾವಿನಹಣ್ಣು ಎಂದಂತೆಯೇ ಮೂರು ಕಾಲು. ಕಾಲು ಲೀಟರಿಗೆ ಕಾಲು ಲೀಟರು ಸೇರಿದರೆ ಅರ್ಧವೆಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ಹಾಲು ಮಾರುವಾಕೆಯೂ ಬಲ್ಲಳು. ಅದನ್ನು ಎಂಟನೆಯ ಎರಡೆಂದು ಆಕೆ ಎಂದೂ ಹೇಳಳು. ಛೇದವು ಹೆಸರು, ಅಂಶವು ಎಣಿಕೆ ಎಂಬುದು ಮನಸ್ಸಿಗೆ ಹತ್ತಿದರೆ, ಬೇರೆ ಬೇರೆ ಹೆಸರಿನವನ್ನು ಒಂದೇ ಹೆಸರಿಗೆ ತಂದಲ್ಲದೆ ಕೂಡಿಸಲಾಗದೆಂಬುದನ್ನು ಮಗು ತಾನೇ ಒಪ್ಪುತ್ತದೆ. ಅರ್ಧವನ್ನು ಆರನೆಯ ಮೂರೆಂದೂ, ಮೂರನೆಯ ಒಂದನ್ನು ಆರನೆಯ ಎರಡೆಂದೂ ಕರೆದ ಮೇಲೆ ಮೂರೂ ಎರಡೂ ಐದು, ಉತ್ತರ 5/6.

ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಯ ಪ್ರಕರಣವನ್ನು ‘ಕಲಾಸವರ್ಣ’ವೆಂದು ಕರೆದನು. ಸವರ್ಣವೆಂದರೆ ಒಂದೇ ವರ್ಗದ್ದು ಎಂದಲ್ಲವೆ? ‘ಸಮಚ್ಛೇದ’ವೆಂಬ ಒಣ ಪದಕ್ಕಿಂತ ಇದು ನಮಗೆ ಹೆಚ್ಚು ಹಿಡಿಸುತ್ತದೆ.

ರೂಪಾಯಿಗೆ ಹದಿನಾರಾಣೆಯಿದ್ದ ದಿನಗಳಲ್ಲಿ, ನಾಲ್ಕಾಣೆಯೇ ಕಾಲು, ಎಂಟಾಣೆಯೇ ಅರ್ಧ ಎಂಬ ಅಭ್ಯಾಸ ಮಕ್ಕಳಿಗೆ ಅಂಗಡಿಯಲ್ಲಿಯೇ ಆಗುತ್ತಿತ್ತು. 1957ರಲ್ಲಿ ದಶಮಾಂಶ ನಾಣ್ಯ ಬಂದಿತು. ಆಣೆ ಪೈಗಳ ಗುಣಾಕಾರದ ಹಿಂಸೆಯನ್ನು ನೆನೆದರೆ ಅದಕ್ಕಾಗಿ ಕೊರಗಬೇಕಾಗಿಲ್ಲ. ಆದರೆ ಆ ಅಭ್ಯಾಸವನ್ನು ಈಗ ತರಗತಿಯಲ್ಲಿಯೇ ಮಾಡಿಸಬೇಕು.

ಭಾಗಾಕಾರದ ತೊಡಕು ಇನ್ನೊಂದು ಬಗೆಯದು. ಭಾಗಿಸಿದರೆ ಕಡಿಮೆಯಾಗಬೇಕೆಂದು ನಂಬಿರುವ ಮಗುವಿಗೆ, ಆರನ್ನು ಕಾಲರಿಂದ ಭಾಗಿಸಿದರೆ ಇಪ್ಪತ್ತನಾಲ್ಕು ಎಂಬುದು ಮೋಸವಾಗಿ ತೋರುತ್ತದೆ. ಒಂದು ಪಾತ್ರೆಯಲ್ಲಿ ಆರು ಲೀಟರು ನೀರನ್ನೂ ಕಾಲು ಲೀಟರಿನ ಒಂದು ಅಳತೆಯನ್ನೂ ಅದರ ಮುಂದಿಟ್ಟು, ಎಷ್ಟು ಸಲ ತುಂಬುವುದೆಂದು ಕೇಳಿರಿ. ಅಳೆದು ಮುಗಿಸುವ ಹೊತ್ತಿಗೆ ಆರು ಎಂಬ ಪೂರ್ಣಸಂಖ್ಯೆಯೇ ಇಪ್ಪತ್ತನಾಲ್ಕು ಕಾಲುಗಳೆಂಬ ಭಿನ್ನರಾಶಿಯಾಗಿರುತ್ತದೆ. ತಲೆಕೆಳಗು ಮಾಡಿ ಗುಣಿಸುವ ಸೂತ್ರವನ್ನು ಮರುವಾರ ಹೇಳಿಕೊಟ್ಟರೂ ಆದೀತು.